ಡಬ್ಬಕ್ಕೆ ಹತ್ತಕ್ಕೆ ಒಂಬತ್ತು

ಅನಿಮೆ ಡಿಸ್ಕುಗಳ ವಿಮರ್ಶೆ ಬರೆಯುವವನಿಗೆ ಮೊಟ್ಟಮೊದಲು ಬೇಕಾದದ್ದು ಅಡಿಪಟ್ಟಿ. ಕಣ್ಣು, ಕಿವಿ, ಮೆದುಳು ಇವೆಲ್ಲ ಆಮೇಲೆ, ಇಲ್ಲದಿದ್ದರೂ ನಡೆದೀತು. ಡಬ್ಬದ ಉದ್ದಗಲ ಎಷ್ಟು, ಹೊರಗಿನ ರಟ್ಟಿನ ಕವಚ ಎಷ್ಟು ದಪ್ಪ, ಅದರ ಮೇಲಿನ ಅಚ್ಚು ಬೆರಳಿಗೆ ಉಬ್ಬಿ ಸಿಗುತ್ತದೆಯೋ ಇಲ್ಲವೋ, ಒಳಗಿನ ಚಿತ್ರಪುಸ್ತಕಕ್ಕೆ ಎಷ್ಟು ಪುಟ, ಪೋಸ್ಟ್‌ಕಾರ್ಡು ಎಷ್ಟು, ಇಷ್ಟು ಬರೆಯುವಷ್ಟರಲ್ಲಿ ಮೂರು ಪ್ಯಾರಾ ಮುಗಿದಿರುತ್ತದೆ. ನಾಲ್ಕನೆಯದರಲ್ಲಿ ಕಥೆಯ ಸಾರಾಂಶ, ಅದೂ ಡಬ್ಬದ ಬೆನ್ನ ಮೇಲೆ ಅಚ್ಚಾಗಿರುವುದನ್ನೇ ಒಂದಿಷ್ಟು ಅದಲುಬದಲು ಮಾಡಿ. ಐದನೆಯದರಲ್ಲಿ ಅಂಕ. ಮದುವೆಗೆ ಹೋಗಿಬಂದವನನ್ನು ಊಟ ಹೇಗಿತ್ತಯ್ಯಾ ಎಂದು ಕೇಳಿದರೆ ಬಾಳೆ ಎಲೆಯ ಅಗಲ ಹೇಳಿದ ಹಾಗೆ.

ಇಂಥ ವಿಮರ್ಶೆಗಳನ್ನು ಓದುವುದು ನನಗೊಂದು ಚಟ. ಅವುಗಳಲ್ಲಿ ಎಂದೂ ಯಾರೂ ಸೋಲುವುದಿಲ್ಲ. ಎಷ್ಟೇ ಕೆಟ್ಟ ಸರಣಿಗೂ ಏಳಕ್ಕಿಂತ ಕಡಿಮೆ ಬೀಳುವುದಿಲ್ಲ. ಪುಕ್ಕಟೆ ಬಂದ ಡಬ್ಬಕ್ಕೆ ಆರು ಕೊಟ್ಟರೆ ಮುಂದಿನ ಡಬ್ಬ ಬರುವುದಿಲ್ಲ ಎಂಬ ಲೋಕಜ್ಞಾನ ಆ ವೃತ್ತಿಯಲ್ಲಿ ಎಲ್ಲರಿಗೂ ಇದೆ.

ದೂರದ ಉದಾಹರಣೆ ಬೇಡ. 2012ರ ಜುಲೈಯಿಂದ ಡಿಸೆಂಬರ್‌ವರೆಗೆ ಜಪಾನಿನ ಟಿವಿಯಲ್ಲಿ ಅಪರಾತ್ರಿ ಪ್ರಸಾರವಾಗಿ, ಆಮೇಲೆ ಡಿಸ್ಕಿನ ರೂಪ ತಾಳಿ ದೇಶಾಂತರ ಹೊರಟ 'ಸೋರ್ಡ್ ಆರ್ಟ್ ಆನ್‌ಲೈನ್' ಸರಣಿಯನ್ನೇ ತೆಗೆದುಕೊಳ್ಳಿ. ಕತ್ತಿ, ಕೋಟೆ, ರಾಕ್ಷಸರು, ಯಕ್ಷಿಣಿಯರು, ಕರಿ ಕೋಟಿನ ಹುಡುಗ, ಹೀಗೆ ಫ್ಯಾಂಟಸಿ ಹೊಡೆದಾಟಕ್ಕೆ ಏನೇನು ಬೇಕೋ ಎಲ್ಲ ಇದೆ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋದರೆ ಆ ಕರಿ ಕೋಟನ್ನೇ ತೊಟ್ಟು ಬೆವರುತ್ತ ನಿಂತ ಹುಡುಗರು ಇವತ್ತಿಗೂ ಸಿಗುತ್ತಾರೆ. ಮೂಲ ಕಾದಂಬರಿ ರೇಕಿ ಕವಾಹಾರಾ ಅವರದು. ಸ್ಪರ್ಧೆಗೆಂದು ಬರೆಯಲು ಕೂತು, ಪುಟಗಳ ಮಿತಿ ಮೀರಿಹೋಗಿ, ಸ್ಪರ್ಧೆಗೆ ಕಳಿಸಲಾಗದೆ ಅಂತರ್ಜಾಲಕ್ಕೆ ಹಾಕಿದ ಕಥೆ ಅದು, ಪುಸ್ತಕವಾದದ್ದು 2009ರಲ್ಲಿ. ಹಿಗ್ಗುವ ಯೋಗ ಹುಟ್ಟಿನಿಂದಲೇ ಜಾತಕದಲ್ಲಿತ್ತು.

ಕಥೆ ಶುರುವಾಗುವುದು 2022ರ ನವೆಂಬರ್ 6ರಂದು. ತಲೆಗೆ ಹೆಲ್ಮೆಟ್ಟಿನಂಥ ಯಂತ್ರ ಸಿಕ್ಕಿಸಿಕೊಂಡು ಮಲಗಿದರೆ ಸಾಕು, ಪಂಚೇಂದ್ರಿಯ ಸಮೇತ ಆಟದೊಳಗೆ ಇಳಿದುಬಿಡುವ ಹೊಸ ಗೇಮ್ ಅಂದು ಬಿಡುಗಡೆ. ಹತ್ತು ಸಾವಿರ ಜನ ಇಳಿಯುತ್ತಾರೆ. ಸಂಜೆಯಾಗುತ್ತದೆ. ಪಿಜ್ಜಾಕ್ಕೆ ಹೇಳಿಟ್ಟು ಬಂದವನೊಬ್ಬ ಹೊರಗೆ ಹೋಗೋಣವೆಂದು ನೋಡಿದರೆ ಲಾಗ್ ಔಟ್ ಗುಂಡಿಯೇ ಮಾಯ. ಆಕಾಶ ಕೆಂಪಾಗುತ್ತದೆ. ಗೇಮ್ ಕಟ್ಟಿದ ಕಯಾಬಾ ಅಕಿಹಿಕೊ ಎಂಬ ಮಹಾಮೇಧಾವಿ ಮುಖವಿಲ್ಲದ ನಿಲುವಂಗಿಯಾಗಿ ಪ್ರತ್ಯಕ್ಷನಾಗಿ ಷರತ್ತು ಓದುತ್ತಾನೆ: ನೂರು ಅಂತಸ್ತಿನ ಈ ತೇಲುವ ಕೋಟೆಯನ್ನು ತುದಿವರೆಗೆ ಗೆದ್ದರೆ ಮಾತ್ರ ಬಿಡುಗಡೆ, ಒಳಗೆ ಸತ್ತರೆ, ಅಥವಾ ಹೊರಗಿನವರು ಯಂತ್ರ ಕಳಚಲು ಹೋದರೆ, ಮೈಕ್ರೋವೇವ್ ಹಾಯ್ದು ಮೆದುಳು ಬೇಯುತ್ತದೆ. ಅವನು ಮಾತು ಮುಗಿಸುವ ಹೊತ್ತಿಗಾಗಲೇ 213 ಜನ ಹಾಗೆ ಸತ್ತಿದ್ದಾರೆ, ಬಹುಪಾಲು ಮನೆಯವರ ಪ್ರೀತಿಯ ಕೈಯಿಂದಲೇ.

ಈ ಮೊದಲ ಕಂತು ನಿಜಕ್ಕೂ ಚೆನ್ನಾಗಿದೆ. ಕುಹಕಕ್ಕೆ ಒಂದು ನಿಮಿಷ ರಜೆ ಕೊಟ್ಟು ಹೇಳುತ್ತಿದ್ದೇನೆ. ಎಲ್ಲರ ಕೈಗೂ ಒಂದೊಂದು ಕನ್ನಡಿ ಬಂದು, ಆಸೆಪಟ್ಟು ಹಾಕಿಕೊಂಡಿದ್ದ ಚೆಲುವಿನ ಮುಖಗಳೆಲ್ಲ ಕಳಚಿ, ಚೌಕದ ತುಂಬ ಸಾಮಾನ್ಯ ಜನರ ಸಾಮಾನ್ಯ ಮುಖಗಳು ಉಳಿಯುವ ದೃಶ್ಯವನ್ನು ನಿರ್ದೇಶಕ ತೊಮೊಹಿಕೊ ಇಟೊ ಎಲ್ಲೂ ಎಳೆಯದೆ ತೆಗೆದಿದ್ದಾರೆ. ಸರಣಿಯುದ್ದಕ್ಕೂ ಯುಕಿ ಕಜಿಯುರಾ ಅವರ ಸಂಗೀತ, ಕಥೆ ಕೈಬಿಟ್ಟ ಕಡೆಯಲ್ಲೆಲ್ಲ ತಾನೇ ಭಾರ ಹೊರುತ್ತದೆ. ಮುಂದಿನ 24 ಕಂತುಗಳನ್ನು ಮಾರುವಷ್ಟು ಶಕ್ತಿ ಮೊದಲ ಕಂತಿಗೆ ಇತ್ತು. ಮಾರಿತು ಕೂಡ.

ಎರಡನೆಯ ಕಂತಿನ ಹೊತ್ತಿಗೆ ತಿಂಗಳು ಕಳೆದು, ಎರಡು ಸಾವಿರ ಜನ ಸತ್ತು, ಒಂದನೆಯ ಅಂತಸ್ತೂ ದಾಟಿಲ್ಲ. ಹದಿನಾಲ್ಕನೆಯ ಕಂತಿಗೆ 75ನೆಯ ಅಂತಸ್ತು, ಅಲ್ಲಿಗೆ ಆಟವೇ ಮುಕ್ತಾಯ. ಅಂತಸ್ತಿಗೊಬ್ಬ ಕಾವಲು ರಾಕ್ಷಸ ಇರುವುದು ಆ ಕೋಟೆಯ ನಿಯಮ. ಆ ರಾಕ್ಷಸರ ಪೈಕಿ ನಮ್ಮ ಕಣ್ಣೆದುರು ನೆಟ್ಟಗೆ ಸಾಯುವವರು ಒಂದನೆಯವನು, 74ನೆಯವನು, 75ನೆಯವನು. ಉಳಿದವರು ಕಂತುಗಳ ನಡುವಿನ ಜಾಹೀರಾತಿನಲ್ಲಿ ಸತ್ತಿರಬೇಕು. ಆ ಹೊತ್ತಿನಲ್ಲಿ ನಮ್ಮ ನಾಯಕ ಕಿರಿಟೊಗೆ ಬೇರೆ ಕೆಲಸಗಳಿದ್ದವು. ಒಂದು ಕಂತಿನಲ್ಲಿ ಸಾಕಿದ ಪುಟ್ಟ ಡ್ರ್ಯಾಗನ್ ಕಳೆದುಕೊಂಡ ಹುಡುಗಿಯ ಕಣ್ಣೀರು ಒರೆಸಬೇಕು. ಇನ್ನೊಂದರಲ್ಲಿ ಕಮ್ಮಾರಿಕೆ ಮಾಡುವ ಹುಡುಗಿಯ ಅಂಗಡಿಗೆ ಹೋಗಿ ಅವಳ ಅತ್ಯುತ್ತಮ ಕತ್ತಿಯನ್ನು ಮುರಿದು, ಕಂತು ಮುಗಿಯುವುದರೊಳಗೆ ಮನಸ್ಸನ್ನೂ ಮುರಿಯಬೇಕು. ಅಪರೂಪದ ಮೊಲದ ಮಾಂಸ ಸಿಕ್ಕಿತೆಂದು ಅಸುನಾ ಎಂಬ ವೀರವನಿತೆಯಿಂದ ಅಡುಗೆ ಮಾಡಿಸಬೇಕು. ಅವಳನ್ನೇ ಮದುವೆಯಾಗಬೇಕು, ಕಾಡಿನಂಚಿನಲ್ಲಿ ಮನೆ ಕೊಳ್ಳಬೇಕು, ದಾರಿಯಲ್ಲಿ ಸಿಕ್ಕ ಮಗುವನ್ನು ಸಾಕಬೇಕು, ಮೀನು ಹಿಡಿಯುವ ಮುದುಕರ ಜೊತೆ ಕಾಲ ಕಳೆಯಬೇಕು. ಹೊರಗೆ ಆಸ್ಪತ್ರೆಯ ಮಂಚದ ಮೇಲೆ ತಮ್ಮ ದೇಹಗಳು ಸೊರಗುತ್ತಿವೆ ಎಂಬುದು ಆಗೀಗ ಯಾರಿಗಾದರೂ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾರಿಸಿದ ಅಂತಸ್ತುಗಳು ದಂಡವಾದವು ಎಂದುಕೊಳ್ಳಬೇಡಿ. ಅವನ್ನು ತುಂಬಿಸಲೆಂದೇ ಬೇರೆ ಕಾದಂಬರಿ ಮಾಲೆ ಬಂತು, ಅದರಿಂದ 2021ರಲ್ಲಿ ಒಂದು ಸಿನಿಮಾ, 2022ರಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಒಂದನೆಯ ಅಂತಸ್ತು, ಎರಡನೆಯದರಲ್ಲಿ ಐದನೆಯದು. ಅವಕ್ಕೂ ಡಬ್ಬಗಳುಂಟು. ಈ ವೇಗದಲ್ಲಿ ನೂರನೆಯ ಅಂತಸ್ತು ಮುಟ್ಟುವಾಗ ಡಿಸ್ಕ್ ಎಂಬ ವಸ್ತುವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಬೇಕಾಗುತ್ತದೆ.

ಇರಲಿ. 75ನೆಯ ಅಂತಸ್ತಿನಲ್ಲಿ ಗುಟ್ಟು ಬಯಲಾಗುತ್ತದೆ. ಆಟಗಾರರ ಮುಂದಾಳಾಗಿ ಜೊತೆಯಲ್ಲೇ ಓಡಾಡಿಕೊಂಡಿದ್ದವನೇ ಕಯಾಬಾ. ದ್ವಂದ್ವಯುದ್ಧ. ಅಸುನಾ ಅಡ್ಡ ಬಂದು ಸಾಯುತ್ತಾಳೆ. ಕಿರಿಟೊ ಕೂಡ ಸಾಯುತ್ತಾನೆ. ಆದರೆ ಸತ್ತ ಮೇಲೂ ಮನಸ್ಸು ಗಟ್ಟಿ ಮಾಡಿಕೊಂಡು ಕತ್ತಿ ಚುಚ್ಚಿಯೇಬಿಡುತ್ತಾನೆ. ಸತ್ತರೆ ಸತ್ತಂತೆಯೇ ಎಂದು ಹದಿಮೂರು ಕಂತುಗಳಿಂದ ನಮ್ಮನ್ನು ಹೆದರಿಸಿದ ನಿಯಮ ನಾಯಕನ ಹಠದ ಮುಂದೆ ಮಂಡಿಯೂರುತ್ತದೆ. ಕೊನೆಗೆ ಇಬ್ಬರ ಪ್ರಾಣವೂ ಉಳಿಯುತ್ತದೆ. ಅಷ್ಟರಲ್ಲಿ ಸತ್ತಿದ್ದ ಸುಮಾರು ನಾಲ್ಕು ಸಾವಿರ ಜನರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಉಪಾಯ ಹೊಳೆದಿರಲಿಲ್ಲ, ಅವರ ದುರದೃಷ್ಟ. ಆಮೇಲೆ, ಇಳಿಬಿಸಿಲಿನಲ್ಲಿ ಕೋಟೆ ಕಳಚಿ ಬೀಳುವುದನ್ನು ನೋಡುತ್ತ ಕಿರಿಟೊ ಕೇಳುತ್ತಾನೆ, ಇದನ್ನೆಲ್ಲ ಯಾಕೆ ಮಾಡಿದೆ? ಕಯಾಬಾನ ಉತ್ತರದ ತಾತ್ಪರ್ಯ ಇಷ್ಟು: ನನಗೂ ಮರೆತೇ ಹೋಗಿತ್ತು, ಚಿಕ್ಕಂದಿನಿಂದ ಆಕಾಶದಲ್ಲೊಂದು ಕೋಟೆಯ ಕನಸು ಕಾಣುತ್ತಿದ್ದೆ. ಕಿರಿಟೊಗೆ ಸಿಟ್ಟು ಬರುವುದಿಲ್ಲ. ಅಸುನಾಗೂ ಬರುವುದಿಲ್ಲ. ಪಿಟೀಲು ಏರುತ್ತದೆ.

ಈ ಜಾಗದಲ್ಲಿ ನಮ್ಮ ಡಿಸ್ಕ್ ವಿಮರ್ಶಕರು ಎಚ್ಚೆತ್ತು ಕೂರುತ್ತಾರೆ. ಮುಖ್ಯವಾದದ್ದು ಅವರ ಕಣ್ಣಿಗೆ ಬಿದ್ದಿದೆ: ಸೂರ್ಯಾಸ್ತದ ಕಿತ್ತಳೆ ಬಣ್ಣದಲ್ಲಿ ಸ್ವಲ್ಪ ಬ್ಯಾಂಡಿಂಗ್ ಇದೆ. ನುಣುಪಾಗಿ ಇಳಿಯಬೇಕಾದ ಬಣ್ಣ ಪಟ್ಟೆಪಟ್ಟೆಯಾಗಿ ಕಾಣುವುದಕ್ಕೆ ಈ ವೃತ್ತಿಯವರು ಹಾಗೆನ್ನುತ್ತಾರೆ. ಅರ್ಧ ಅಂಕ ಕಡಿತ. ನಾಲ್ಕು ಸಾವಿರ ಹೆಣಗಳಿಗೆ ಕಡಿತವಿಲ್ಲ, ಅವು ಸ್ಪಷ್ಟವಾಗಿ ಮೂಡಿವೆ.

ಎರಡನೆಯ ಭಾಗಕ್ಕೆ ಬನ್ನಿ. ಎಲ್ಲರೂ ಎಚ್ಚರಗೊಂಡರೂ ಅಸುನಾ ಸೇರಿ 300 ಜನ ಏಳುವುದಿಲ್ಲ. ಸುಗೊ ಎಂಬ ಕಂಪನಿ ಮನುಷ್ಯ ಅವರ ಪ್ರಜ್ಞೆಯನ್ನು ಇನ್ನೊಂದು ಗೇಮಿನೊಳಕ್ಕೆ ಸಾಗಿಸಿ ಮಿದುಳಿನ ಮೇಲೆ ಪ್ರಯೋಗ ನಡೆಸುತ್ತಿದ್ದಾನೆ. ಅಸುನಾಳನ್ನು ಮಹಾವೃಕ್ಷದ ತುದಿಯಲ್ಲಿ ಚಿನ್ನದ ಪಂಜರದಲ್ಲಿಟ್ಟು, ತಾನೇ ಯಕ್ಷರಾಜನ ವೇಷ ಹಾಕಿಕೊಂಡು ಬಂದು, ಮೈಮೇಲೆ ಕೈಹಾಕುತ್ತ ಭಾಷಣ ಕುಟ್ಟುತ್ತಾನೆ. ಮೊದಲ ಭಾಗದಲ್ಲಿ ಕಣ್ಣೆವೆ ಇಕ್ಕುವುದರೊಳಗೆ ಕತ್ತಿ ಬೀಸುತ್ತಿದ್ದವಳು ಉಳಿದ ಕಂತುಗಳನ್ನು ಸರಳು ಹಿಡಿದು ನಿಲ್ಲುವುದರಲ್ಲೇ ಕಳೆಯುತ್ತಾಳೆ. ರಾವಣನಾದರೂ ಸೀತೆಗೆ ಅಶೋಕವನ ಕೊಟ್ಟಿದ್ದ, ಮಾತಿಗೆ ತ್ರಿಜಟೆಯಿದ್ದಳು, ಅಲ್ಲಿ ಅವಳನ್ನು ಮುಟ್ಟುವ ಧೈರ್ಯವನ್ನೂ ಮಾಡಲಿಲ್ಲ. ಇಲ್ಲಿ ಅವಳು ಒಮ್ಮೆ ತಪ್ಪಿಸಿಕೊಂಡು ಹೋದರೆ ಎದುರಾಗುವುದು ಚಿಪ್ಪಿಲ್ಲದ ಬಸವನಹುಳುವಿನ ಆಕಾರದ ಎರಡು ಪ್ರಾಣಿಗಳು ಮತ್ತು ಅವುಗಳ ಲೋಳೆ ಬಾಹುಗಳು. ಕ್ಯಾಮರಾಕ್ಕೆ ಅಲ್ಲಿ ಅವಸರವಿಲ್ಲ. ಕಡೆಗೆ ಕಿರಿಟೊ ಸೋತು ನೆಲ ಕಚ್ಚಿದಾಗ ಅವನನ್ನೆಬ್ಬಿಸಿ ಗೇಮಿನ ಸಕಲ ಅಧಿಕಾರವನ್ನೂ ಧಾರೆ ಎರೆಯುವುದು ಯಾರು ಗೊತ್ತೆ? ಯಂತ್ರದೊಳಗೆ ಉಳಿದ ಕಯಾಬಾನ ಪ್ರೇತ! ನಾಲ್ಕು ಸಾವಿರದ ಲೆಕ್ಕ ಚುಕ್ತಾ.

ನಡುವೆ ಸುಗುಹಾಳ ಪ್ರೇಮಪ್ರಕರಣ ಬೇರೆ. ತಂಗಿಯೆಂದೇ ಬೆಳೆದವಳು, ನಿಜದಲ್ಲಿ ತಂಗಿಯಲ್ಲವೆಂದು ತಿಳಿದು ಕಿರಿಟೊನ ಮೇಲೆ ಮನಸ್ಸಿಡುತ್ತಾಳೆ. ಪಶ್ಚಿಮದ ವಿಮರ್ಶಕರು ಕಸಿನ್ ಎಂಬ ಒಂದು ಪದದಲ್ಲಿ ಹೆಣಗಾಡಿ, ಸರಿಯೋ ತಪ್ಪೋ ತಿಳಿಯದೆ ಕೈಚೆಲ್ಲಿದ್ದಾರೆ. ನಮ್ಮ ಕಡೆ ಇದಕ್ಕೆ ಒಂದು ನಿಮಿಷವೂ ಬೇಡ. ಸೋದರತ್ತೆ ಮಗಳಾಗಿದ್ದರೆ ಪ್ರೇಕ್ಷಕನೇ ಮುಂದೆ ನಿಂತು ಓಲಗ ಊದಿಸುತ್ತಿದ್ದ. ಇವಳು ತಾಯಿಯ ತಂಗಿಯ ಮಗಳು. ಚಿಕ್ಕಮ್ಮನ ಮಗಳೆಂದರೆ ತಂಗಿಯೇ, ನಡಿಯಮ್ಮ ಒಳಗೆ.

ಚಿತ್ರದ ಗುಣಮಟ್ಟಕ್ಕೆ ಒಂಬತ್ತು ಬಿದ್ದದ್ದು ಖಚಿತ. ಕೂದಲೆಳೆ ಕೂದಲೆಳೆಯೂ ಎಣಿಸುವಂತಿದೆ ಎಂದು ಬರೆಯುವುದು ರೂಢಿ. ಆ ಕಾಲದ ಟಿವಿ ಅನಿಮೆಗಳಲ್ಲಿ ಬಹಳಷ್ಟು 720 ಸಾಲಿನ ಆಸುಪಾಸಿನಲ್ಲಿ ತಯಾರಾಗಿ ಬ್ಲೂ-ರೇಗೆ ಬರುವಾಗ 1080ಕ್ಕೆ ಹಿಗ್ಗಿದವು. ಇಲ್ಲದ ಸಾಲುಗಳಲ್ಲಿ ಇರುವ ಕೂದಲನ್ನು ಎಣಿಸಿದ ವಿಮರ್ಶಕರ ದೃಷ್ಟಿಗೆ ದೃಷ್ಟಿಬೊಟ್ಟು ಇಡಬೇಕು.

ಆದರೆ ತಪ್ಪೆಲ್ಲ ಅವರದಲ್ಲ. ಡಬ್ಬವನ್ನೇ ನೋಡಲು ಅವರಿಗೆ ಕಲಿಸಿದವರು ಬೇರೆ. ಜಪಾನಿನಲ್ಲಿ ಈ ವ್ಯಾಪಾರದ ಬಗೆ ಹೀಗೆ. ಅಪರಾತ್ರಿಯ ಅನಿಮೆಗೆ ಟಿವಿ ಕಂಪನಿ ದುಡ್ಡು ಕೊಡುವುದಿಲ್ಲ. ಹಣ ಹಾಕಿದವರ ಕೂಟವೇ ಟಿವಿಗೆ ದುಡ್ಡು ತೆತ್ತು ಆ ವೇಳೆಯನ್ನು ಕೊಳ್ಳುತ್ತದೆ. ಅಂದರೆ ನೀವು ನಿದ್ದೆಗೆಟ್ಟು ನೋಡುವ ಅರ್ಧ ಗಂಟೆ, ಮುಂದೆ ಬರಲಿರುವ ಡಿಸ್ಕಿನ ಜಾಹೀರಾತು. ಡಿಸ್ಕೋ, ಒಂದರಲ್ಲಿ ಎರಡೋ ಮೂರೋ ಕಂತು, ಬೆಲೆ ಸುಮಾರು ಏಳು ಸಾವಿರ ಯೆನ್. ಹನ್ನೆರಡು ಕಂತಿನ ಕಥೆಯ ಕೊನೆ ನೋಡಲು ನಲವತ್ತು ಸಾವಿರ ಯೆನ್ ದಾಟಬೇಕು. ಈ ದುಬಾರಿ ಸಂಪ್ರದಾಯಕ್ಕೆ ಇತಿಹಾಸವಿದೆ. 1983ರಲ್ಲಿ 'ಡಲ್ಲೋಸ್' ಎಂಬ ಸರಣಿ ಟಿವಿಯ ಹಂಗಿಲ್ಲದೆ ನೇರ ವಿಡಿಯೋಗೇ ಬಂತು. ಆ ಕಾಲದಲ್ಲಿ ಕ್ಯಾಸೆಟ್ ಕೊಳ್ಳುತ್ತಿದ್ದದ್ದು ಹೆಚ್ಚಾಗಿ ಬಾಡಿಗೆ ಅಂಗಡಿಗಳು. ಅಂಗಡಿಗಿಟ್ಟ ಬೆಲೆಯನ್ನೇ ಆಮೇಲೆ ಅಭಿಮಾನಿಗೂ ಹೇರಿದರು. ಅಭಿಮಾನಿ ತೆತ್ತ.

ಇಷ್ಟು ತೆತ್ತವನಿಗೆ ಏನಾದರೂ ಕೊಡಬೇಕಲ್ಲ? ಟಿವಿಯಲ್ಲಿ ಸ್ನಾನದ ದೃಶ್ಯಗಳಿಗೆ ಮುಚ್ಚಿದ್ದ ದಟ್ಟ ಹಬೆ ಡಿಸ್ಕಿನಲ್ಲಿ ತಿಳಿಯಾಗುತ್ತದೆ. ಆಯಕಟ್ಟಿನ ಜಾಗಕ್ಕೇ ಬೀಳುತ್ತಿದ್ದ ದೈವಿಕ ಬೆಳಕು ಡಿಸ್ಕಿನಲ್ಲಿ ನಂದುತ್ತದೆ. ಅವಸರದಲ್ಲಿ ಕೆಟ್ಟದಾಗಿ ಬಿಡಿಸಿದ್ದನ್ನು ತಿದ್ದುತ್ತಾರೆ. ಈ ಪೈಕಿ ಪುರಾಣಪ್ರಸಿದ್ಧವಾದದ್ದು 2006ರ ಎಲೆಕೋಸು. 'ಯೊಆಕೆ ಮಾಯೆ ಯೊರಿ ರುರಿಇರೊ ನಾ' ಎಂಬ ಸರಣಿಯ ಮೂರನೆಯ ಕಂತಿನಲ್ಲಿ ಅಡುಗೆಮನೆಯ ಮಣೆ ಮೇಲೆ ಒಂದು ಹಸಿರು ಚೆಂಡು ಬಂತು. ಪದರವಿಲ್ಲ, ಎಲೆಯಿಲ್ಲ, ಬರೀ ಗೋಳ. ಕತ್ತರಿಸಿದರು ಕೂಡ. ಜಪಾನು ನಕ್ಕ ಸದ್ದಿಗೆ ತಯಾರಕರು ಎಚ್ಚೆತ್ತು ಡಿವಿಡಿಯಲ್ಲಿ ನಿಜವಾದ ಎಲೆಕೋಸು ಬಿಡಿಸಿ ಕೊಟ್ಟರು. ಮಾರುಕಟ್ಟೆಯಲ್ಲಿ ಅಷ್ಟು ದುಬಾರಿ ಕೋಸು ಅದಕ್ಕೆ ಮುಂಚೆ ಯಾರೂ ಕೊಂಡಿರಲಿಲ್ಲ.

ತಿದ್ದುಪಡಿಯಿಂದಲೂ ಡಿಸ್ಕ್ ಹೋಗದಿದ್ದರೆ ಚೀಟಿ ಹಾಕುತ್ತಾರೆ. ಸರಣಿಯ ಕಲಾವಿದರು ವೇದಿಕೆಗೆ ಬರುವ ದೊಡ್ಡ ಕಾರ್ಯಕ್ರಮವೊಂದು ಇರುತ್ತದೆ. ಡಬ್ಬದೊಳಗಿನ ಚೀಟಿ ಅದರ ಟಿಕೆಟ್ಟಲ್ಲ. ಟಿಕೆಟ್ಟಿಗೆ ಅರ್ಜಿ ಹಾಕುವ ಹಕ್ಕು. ಅರ್ಜಿ ಹಾಕಿದರೆ ಲಾಟರಿ ಎತ್ತುತ್ತಾರೆ. ಅದರಲ್ಲಿ ಹೆಸರು ಬಂದರೆ, ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವ ಭಾಗ್ಯ. ಭಾಗ್ಯ ಹೆಚ್ಚಿಸಿಕೊಳ್ಳಲು ಒಂದೇ ಡಿಸ್ಕನ್ನು ಹಲವು ಸಲ ಕೊಳ್ಳುವವರಿದ್ದಾರೆ. 2017ರ 'ಗ್ರಾನ್‌ಬ್ಲೂ ಫ್ಯಾಂಟಸಿ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊಬೈಲ್ ಗೇಮೊಂದನ್ನು ಆಧರಿಸಿದ ಫ್ಯಾಂಟಸಿ ಹೊಡೆದಾಟ. ಡಬ್ಬದೊಳಗೆ ಆ ಗೇಮಿನಲ್ಲಿ ಸಾಮಾನು ಪಡೆಯುವ ಗುಪ್ತಸಂಖ್ಯೆ. ಡಿಸ್ಕುಗಳು ಬಿಸಿ ಬಿಸಿಯಾಗಿ ಖರ್ಚಾದವು. ಸಂಖ್ಯೆ ಗೀಚಿಕೊಂಡ ಮೇಲೆ ಡಿಸ್ಕ್ ಯಾರಿಗೆ ಬೇಕು? ಇಂಥವು, ಸಂಖ್ಯೆ ಇಲ್ಲ ಎಂಬ ಪ್ರಾಮಾಣಿಕ ಚೀಟಿ ಅಂಟಿಸಿಕೊಂಡು, ಹಳೆ ಮಾಲಿನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಕೂರುತ್ತವೆ. ಆ ಸರಣಿ ಹೇಗಿತ್ತು ಎಂದು ಕೇಳಬೇಡಿ. ಕೊಂಡವರೇ ನೋಡಿಲ್ಲ.

ಅಮೆರಿಕದವರದು ಮತ್ತೊಂದು ಗೋಳು. ಅಲ್ಲಿ ಅಗ್ಗಕ್ಕೆ ಮಾರಿದರೆ ಜಪಾನಿನವರು ಅಲ್ಲಿಂದಲೇ ತರಿಸಿಕೊಂಡಾರು. ಬ್ಲೂ-ರೇ ಪ್ರದೇಶ ಸಂಕೇತ ಎರಡೂ ದೇಶಕ್ಕೆ ಒಂದೇ, 'ಎ'. ಆ ಭಯಕ್ಕೆ ಮದ್ದೆಂದರೆ ಅಮೆರಿಕದವರಿಗೂ ಜಪಾನಿನ ಬೆಲೆ. 2011ರಲ್ಲಿ 'ಗಾರ್ಡನ್ ಆಫ್ ಸಿನ್ನರ್ಸ್' ಪೆಟ್ಟಿಗೆ ಅಲ್ಲಿ ಸುಮಾರು 400 ಡಾಲರಿಗೆ ಬಂತು. ನಮಗೆ ಈ ಚಿಂತೆಯಿಲ್ಲ. ಭಾರತದ ಬ್ಲೂ-ರೇ ಸಂಕೇತ 'ಸಿ'. ಜಪಾನಿನಿಂದ ಸುಂಕ ಕಟ್ಟಿ ತರಿಸಿದ ಡಬ್ಬ ಇಲ್ಲಿ ಕೊಂಡ ಪ್ಲೇಯರಿನಲ್ಲಿ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಕಪಾಟಿನಲ್ಲಿಟ್ಟು ಡಬ್ಬದ ಅಳತೆ ಹೇಳುವುದೊಂದೇ ಉಳಿಯುವ ದಾರಿ. ಆ ಮಟ್ಟಿಗೆ ಇಡೀ ವಿಮರ್ಶಾ ಪರಂಪರೆ ನಮ್ಮ ಅನುಕೂಲಕ್ಕಾಗಿಯೇ ಹುಟ್ಟಿದೆ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನ ಗಲ್ಲಿಗಳಲ್ಲಿ ಒಂದು ಕಾಲಕ್ಕೆ ಸಿಗುತ್ತಿದ್ದ ಪ್ಲಾಸ್ಟಿಕ್ ಚೀಲದ ಡಿಸ್ಕುಗಳಿಗೆ ಪ್ರದೇಶ, ಸಂಕೇತ, ಡಬ್ಬ ಯಾವುದೂ ಇರಲಿಲ್ಲ. ಅವುಗಳ ವಿಮರ್ಶೆಯೂ ಒಂದೇ ಮಾತಿನದು: ಓಡುತ್ತೋ ಇಲ್ವೋ. ನನ್ನ ಪ್ರಕಾರ ಅನಿಮೆ ವಿಮರ್ಶೆ ಅಷ್ಟು ನಿಷ್ಠುರವಾಗಿದ್ದದ್ದು ಆಗ ಮಾತ್ರ. ಕನ್ನಡದ ಧ್ವನಿ ಈ ಯಾವ ಡಿಸ್ಕಿನಲ್ಲೂ ಇಲ್ಲ ಎಂದು ಹೇಳಬೇಕಾಗಿಯೇ ಇಲ್ಲ. ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳ ಇಲ್ಲಿ ಸ್ಪರ್ಧಾ ಆಯೋಗದ ಕಟ್ಟೆ ಏರಿ 2015ರಲ್ಲಿ ಆದೇಶ ಬೀಳುವ ಹೊತ್ತಿಗೆ ಕಿರಿಟೊ 75 ಅಂತಸ್ತು ಹತ್ತಿ ಇಳಿದಾಗಿತ್ತು.

ಈ ಸರಣಿಯ ನಿಜವಾದ ಫ್ಯಾಂಟಸಿ ಇರುವುದು ಡಬ್ಬದ ತಳದಲ್ಲಿ, ಸಣ್ಣಕ್ಷರದಲ್ಲಿ. ಅನಿಮೆ ತಯಾರಿಸಿದ ಎ-1 ಪಿಕ್ಚರ್ಸ್ ಅನಿಪ್ಲೆಕ್ಸ್‌ನದು. ಅನಿಪ್ಲೆಕ್ಸ್ ಸೋನಿಯದು. ಡಿಸ್ಕಿನ ಬ್ಲೂ-ರೇ ತಂತ್ರಜ್ಞಾನವನ್ನು ರೂಪಿಸಿದವರಲ್ಲಿ ಮುಂದಾಳು ಸೋನಿ. ಅದನ್ನು ಓಡಿಸುವ ಪ್ಲೇಸ್ಟೇಷನ್ ಸೋನಿಯದು. ಡಿಸ್ಕ್ ಬೇಡ, ಸ್ಟ್ರೀಮಿಂಗ್ ಸಾಕು ಎಂದು ಕ್ರಂಚಿರೋಲ್‌ಗೆ ಓಡಿದಿರೋ, ಅದನ್ನೂ 2021ರಲ್ಲಿ ಸೋನಿ ಸುಮಾರು 117.5 ಕೋಟಿ ಡಾಲರ್ ಕೊಟ್ಟು ಕೊಂಡಿದೆ. ಒಮ್ಮೆ ಒಳಗೆ ಹೋದರೆ ಹೊರಬರಲು ಗುಂಡಿಯಿಲ್ಲದ ಲೋಕವೊಂದನ್ನು ಒಂದು ಕಂಪನಿ ಕಟ್ಟಿತಂತೆ ಎಂಬ ಭಯಾನಕ ಕಥೆಯನ್ನು ನಮಗೆ ಹೇಳುತ್ತಿರುವುದು ಯಾರು ನೋಡಿ. ಇದೇ ಮನೆತನಕ್ಕೆ ಸೇರಿದ ಫ್ಯೂನಿಮೇಷನ್, ಡಿಸ್ಕ್ ಕೊಂಡವರಿಗೆ ಅದರ ಡಿಜಿಟಲ್ ಪ್ರತಿಯನ್ನೂ ಕೊಟ್ಟು, ಅದು ಸದಾಕಾಲ ಇರುತ್ತದೆಂದು ಹೇಳಿಕೊಂಡಿತ್ತು. ಸದಾಕಾಲ 2024ರ ಏಪ್ರಿಲ್ 2ರಂದು ಮುಗಿಯಿತು. ತಾಣ ಮುಚ್ಚಿತು, ಪ್ರತಿಗಳು ಹೋದವು. ಕಯಾಬಾ ಒಳಗಿದ್ದವರನ್ನು ಹೊರಗೆ ಬಿಡಲಿಲ್ಲ, ಇವರು ಹೊರಗಿದ್ದವರನ್ನು ಒಳಗೆ ಬಿಡುತ್ತಿಲ್ಲ. ಕಯಾಬಾ ಕಡೇಪಕ್ಷ ಎದುರಿಗೆ ಬಂದು ಹೇಳಿದ್ದ.

ಅವನನ್ನು ಆದರ್ಶವಾಗಿ ತೆಗೆದುಕೊಂಡವರೂ ಇದ್ದಾರೆ. ಆಕ್ಯುಲಸ್ ಕಂಪನಿ ಕಟ್ಟಿದ, ಈಗ ಯುದ್ಧಸಾಮಗ್ರಿಯ ಕಂಪನಿ ನಡೆಸುವ ಅಮೆರಿಕದ ಪಾಮರ್ ಲಕ್ಕಿ, ಕಥೆಯ ದಿನಾಂಕ ನಿಜಜೀವನದಲ್ಲಿ ಬಂದ 2022ರ ನವೆಂಬರ್‌ನಲ್ಲಿ ಒಂದು ಹೆಡ್‌ಸೆಟ್ ಮಾಡಿ ಪ್ರಕಟಿಸಿದರು. ಹಣೆಯ ಮೇಲ್ಗಡೆ ಮೂರು ಸ್ಫೋಟಕ. ಆಟದಲ್ಲಿ ಸತ್ತು ಪರದೆ ಕೆಂಪಗೆ ಮಿನುಗಿದರೆ ತೊಟ್ಟವನ ತಲೆ ಹಾರುತ್ತದೆ. ತೊಟ್ಟು ನೋಡುವ ಧೈರ್ಯ ತನಗಿನ್ನೂ ಬಂದಿಲ್ಲ ಎಂದೂ, ಸದ್ಯಕ್ಕೆ ಅದು ಕಚೇರಿಯ ಅಲಂಕಾರವೆಂದೂ ಹೇಳಿಕೊಂಡರು. ಸರಣಿಯ ಎಷ್ಟೋ ವಿಮರ್ಶೆಗಳಿಗಿಂತ ಇದು ಗಂಭೀರ ಓದು ಎನ್ನಬೇಕಾಗಿದೆ. ಕೊನೆಪಕ್ಷ ಈತನಿಗೆ ಯಂತ್ರ ಕೊಲ್ಲುತ್ತದೆ ಎಂಬುದು ನೆನಪಿತ್ತು.

ಉಳಿದದ್ದು ಹೆಚ್ಚುವರಿ ವಿಭಾಗ. ಡಿಸ್ಕ್ ವಿಮರ್ಶೆಯ ಕೊನೆಯ ಅಂಕಣ. 'ಸೋರ್ಡ್ ಆರ್ಟ್ ಆಫ್‌ಲೈನ್' ಎಂಬ ಪುಟಾಣಿ ಹಾಸ್ಯ ಕಂತುಗಳು ಈ ಡಿಸ್ಕುಗಳಲ್ಲಿವೆ. ದೊಡ್ಡ ತಲೆ, ಚಿಕ್ಕ ಕಾಲಿನ ಗೊಂಬೆಗಳಾಗಿ ಪಾತ್ರಗಳು ಮೇಜಿನ ಸುತ್ತ ಕೂತು ತಮ್ಮದೇ ಕಥೆಯನ್ನು ಲೇವಡಿ ಮಾಡುತ್ತವೆ. ಸರಣಿಯ ಬಗ್ಗೆ ಬಂದ ಹರಿತವಾದ ವಿಮರ್ಶೆ ಡಬ್ಬದೊಳಗೇ ಇತ್ತು, ಹೊರಗಿನವರಿಗೆ ಕಾಣಲಿಲ್ಲ. ಅದಾದ ಮೇಲೆ, ಯಾವ ಅನಿಮೆ ಡಿಸ್ಕಿನಲ್ಲೂ ತಪ್ಪದ ಮಹಾಪ್ರಸಾದ: ಅಕ್ಷರಗಳಿಲ್ಲದ ಆರಂಭಗೀತೆ, ಅಕ್ಷರಗಳಿಲ್ಲದ ಅಂತ್ಯಗೀತೆ. ಲಿಸಾ ಹಾಡಿದ ಅದೇ ಹಾಡು, ಅದೇ ಓಟ, ಅದೇ ಕತ್ತಿ. ಪರದೆಯ ಮೇಲೆ ಓಡುತ್ತಿದ್ದ ಹೆಸರುಗಳು ಮಾತ್ರ ಇರುವುದಿಲ್ಲ. ಇದನ್ನು ಕೆಲವರು 'ಶುಭ್ರ' ಆವೃತ್ತಿ ಎಂದೂ ಕರೆಯುತ್ತಾರೆ. ಕೊಳೆ ಯಾವುದು ಎಂದರೆ ಚಿತ್ರ ಬಿಡಿಸಿದವರ, ಬಣ್ಣ ಹಚ್ಚಿದವರ, ಹಿನ್ನೆಲೆ ಬರೆದವರ ಹೆಸರು.

ಎರಡು ಮುಖ್ಯ ಭಂಗಿಗಳ ನಡುವಿನ ಚಲನೆಯನ್ನು ಹಾಳೆಹಾಳೆಯಾಗಿ ತುಂಬುವವರು ಈ ವೃತ್ತಿಯ ಮೊದಲ ಮೆಟ್ಟಿಲಿನವರು. ಜಪಾನಿನ ಅನಿಮೇಟರುಗಳ ಸಂಘ 'ಜಾನಿಕಾ' 2015ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ಅವರ ಸರಾಸರಿ ಆದಾಯ ವರ್ಷಕ್ಕೆ ಸುಮಾರು 11 ಲಕ್ಷ ಯೆನ್. ತಿಂಗಳಿಗೆ ತೊಂಬತ್ತು ಸಾವಿರದ ಮೇಲೆ ಚೂರುಪಾರು, ಟೋಕಿಯೊದಂಥ ಊರಿನಲ್ಲಿ. ಒಂದು ಚಿತ್ರಕ್ಕೆ ಸಿಗುವುದು ಸುಮಾರು 200 ಯೆನ್ ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಅಂದರೆ ತಾನೇ ಬಿಡಿಸಿದ ಸರಣಿಯ ಒಂದು ಡಿಸ್ಕ್ ಕೊಳ್ಳಲು ಅವನು 35 ಚಿತ್ರ ಬಿಡಿಸಬೇಕು. ಹನ್ನೆರಡು ಕಂತಿನ ಇಡೀ ಸರಣಿ ಬೇಕೆಂದರೆ ತಿಂಗಳ ಸಂಪಾದನೆಯ ಹೆಚ್ಚುಕಡಿಮೆ ಅರ್ಧ ಪಾಲು ಅಂಗಡಿಯಲ್ಲಿಟ್ಟು ಬರಬೇಕು. ಹಾಗೂ ಕೊಂಡು, ಮನೆಗೆ ತಂದು, ಅಮ್ಮನಿಗೆ ತೋರಿಸೋಣವೆಂದು ಹೆಚ್ಚುವರಿ ವಿಭಾಗ ತೆರೆದರೆ, ಅಲ್ಲಿ ಅವನನ್ನು ಒರೆಸಿ ಚೊಕ್ಕಟ ಮಾಡಿ ಉಡುಗೊರೆ ಎಂದು ಬರೆದಿರುತ್ತದೆ.

ವಿಮರ್ಶಕರು ಈ ಉಡುಗೊರೆಯನ್ನು ಬಹಳ ಮೆಚ್ಚಿದ್ದಾರೆ. ಹೆಚ್ಚುವರಿ ವಿಭಾಗಕ್ಕೆ ಹತ್ತಕ್ಕೆ ಎಂಟು. ಉಳಿದ ಎರಡಂಕವನ್ನು ಎರಡನೆಯ ಭಾಗದ ಡಬ್ಬಕ್ಕೆಂದು ಹಿಡಿದಿಟ್ಟುಕೊಂಡಿದ್ದಾರೆ. ಅದರಲ್ಲಿ ಹೊಸ ಆರಂಭಗೀತೆ ಇದೆ, ಅಳಿಸಲು ಹೊಸ ಹೆಸರುಗಳೂ ಇವೆ.